ಮಾವ ಹಾಕಿಸಿದ ಟಯರಿನ ಅಟ್ಟೆ

ಒಳ್ಳೆಯದು ಮಾಡಿದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದೆಂದು ನಮ್ಮ ಮನೆಯಲ್ಲಿ ಹೇಳಿಕೊಟ್ಟಿದ್ದರು. ನಾನು ಕಲಿಯಲಿಲ್ಲ. ಇಷ್ಟು ವರ್ಷಗಳಾದ ಮೇಲೂ ಸೋದರಮಾವನ ಮೇಲೆ ನನಗೆ ಸಿಟ್ಟಿದೆ, ಅದೂ ಒಂದು ಜೊತೆ ಶೂವಿನ ವಿಷಯಕ್ಕೆ. ಕೇಳಿದವರು ನಗುತ್ತಾರೆ. ನಗಲಿ.

ನಮ್ಮ ಮನೆ ಇದ್ದದ್ದು ವಾಮದಪದವಿನಿಂದ ಒಳಗೆ, ಗುಡ್ಡದ ಮೇಲೆ. ನಾನು ಚಿಕ್ಕವಳಿರುವಾಗಲೇ ಅಪ್ಪ ತೀರಿಕೊಂಡದ್ದರಿಂದ ಅಮ್ಮ ತನ್ನ ಅಣ್ಣನ ಮನೆಯಲ್ಲಿ ಬಂದು ನಿಂತಿದ್ದಳು. ಹಗಲಿಡೀ ಬೀಡಿ ಕಟ್ಟುತ್ತಿದ್ದಳು. ಕಟ್ಟಿದ ಬೀಡಿಯನ್ನು ಕೆಳಗಿದ್ದ ಬೀಡಿ ಕಂಪೆನಿಯ ಬ್ರಾಂಚಿಗೆ ಮುಟ್ಟಿಸಿ, ಎಲೆ, ನೂಲು, ಹೊಗೆಪುಡಿ ತರುವುದು ನನ್ನ ಕೆಲಸ. ಅದಕ್ಕೆ ಮಾವನ ಹಳೆಯ ಸೈಕಲ್ಲು ನನ್ನ ಕೈಗೆ ಬಂತು. ನಮ್ಮ ಇಳಿಜಾರಿನಲ್ಲಿ ರಸ್ತೆ ಎಂದು ಕರೆಯುವಂಥದ್ದು ಏನೂ ಇರಲಿಲ್ಲ, ಬರೀ ಕೆಂಪುಕಲ್ಲಿನ ಬಂಡೆ, ನಡುವೆ ಮಳೆನೀರು ಕೊರೆದ ತೋಡು. ನಾನು ಬ್ರೇಕು ಅಷ್ಟಾಗಿ ಹಿಡಿಯದೆ ಇಳಿಯುತ್ತಿದ್ದೆ. ಹೆದರಿಕೆಯೆಲ್ಲ ಕಾಲಿನದ್ದು. ಹವಾಯಿ ಚಪ್ಪಲಿ ಪೆಡಲಿನಿಂದ ಜಾರಿದರೆ ಪೆಡಲು ಗರ್ರನೆ ತಿರುಗಿ ಬಂದು ಮೊಣಕಾಲಿನ ಕೆಳಗಿನ ಎಲುಬಿಗೇ ಬಡಿಯುತ್ತಿತ್ತು. ಆ ಕಲೆಗಳು ಈಗಲೂ ಇವೆ. ಮದುವೆಗೆ ಹೆಣ್ಣು ನೋಡಲು ಬಂದವರಿಗೆ ಸೀರೆ ಇದ್ದ ಕಾರಣ ಕಾಣಲಿಲ್ಲ, ಅಷ್ಟೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದೆ. ನಮ್ಮ ಪಿ.ಟಿ. ಮಾಸ್ಟರು ಒಮ್ಮೆ ನಾನು ಬೀಡಿಯ ಚೀಲ ಕಟ್ಟಿಕೊಂಡು ಗುಡ್ಡ ಇಳಿಯುವುದನ್ನು ಕೆಳಗಿನ ಅಂಗಡಿಯಲ್ಲಿ ಚಾ ಕುಡಿಯುತ್ತ ನೋಡಿದರು. ಮರುವಾರ ಒಂದು ಸುದ್ದಿ ತಂದರು. ಮೂಡಬಿದ್ರೆಯ ಒಂದು ಕಾಲೇಜಿನವರು ಗುಡ್ಡದ ಸೈಕಲ್ ರೇಸಿಗೆ ಹುಡುಗಿಯರ ತಂಡ ಕಟ್ಟುತ್ತಾರಂತೆ. ಆಯ್ಕೆಯಾದರೆ ಡಿಗ್ರಿಗೆ ಸೀಟು, ಹಾಸ್ಟೆಲು, ಊಟ ಎಲ್ಲ ಅವರದ್ದೇ. ಪುತ್ತಿಗೆ ಹತ್ತಿರದ ಗುಡ್ಡದಲ್ಲಿ ಆಯ್ಕೆ.

ಆ ಸೀಟು ನನಗೆ ಬೇಕೇ ಬೇಕಿತ್ತು. ಪಿಯುಸಿ ಮುಗಿದ ಮೇಲೆ ನನ್ನನ್ನು ಓದಿಸುವ ಶಕ್ತಿ ಮನೆಯಲ್ಲಿರಲಿಲ್ಲ. ಸೀಟು ಸಿಕ್ಕಿದರೆ ಕಾಲೇಜು, ಇಲ್ಲದಿದ್ದರೆ ಅಮ್ಮನ ಪಕ್ಕದಲ್ಲಿ ಮಡಿಲ ಮೇಲೊಂದು ತಡ್ಪೆ, ಅಂದರೆ ಎಲೆ, ಹೊಗೆಪುಡಿ ಹಾಕುವ ಮೊರ, ಇಟ್ಟುಕೊಂಡು ಬೀಡಿ. ಮೂರನೆಯ ದಾರಿ ಯಾರೂ ತೋರಿಸಿರಲಿಲ್ಲ. ಮಾವ ಅಡ್ಡಬಂದರೆಂದು ಯಾರೂ ತಿಳಿಯಬಾರದು. ನನಗಿಂತ ಹೆಚ್ಚು ಹಾರಾಡಿದವರು ಅವರೇ. ಕಲ್ಲಡ್ಕದವರೆಗೆ ಸಿಕ್ಕಿದವರಿಗೆಲ್ಲ, "ನಮ್ಮ ಹುಡುಗಿ ಮೂಡಬಿದ್ರೆಗೆ ಹೋಗ್ತಾಳೆ, ಸೈಕಲ್‌ನಲ್ಲಿ ಸೀಟು" ಎಂದು ಹೇಳಿಕೊಂಡು ಬಂದರು.

ಶೂ ಬಂದದ್ದು ನೆರೆಮನೆಯ ಕಾಕನಿಂದ. ಅವರು ದುಬೈಯಲ್ಲಿ ಸೈಕಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು. ಆಗೆಲ್ಲ ಗಲ್ಫಿನಿಂದ ಚಪ್ಪಲಿ ತರಿಸುವುದೆಂದರೆ ಕಾಗದದ ಮೇಲೆ ಪಾದ ಇಟ್ಟು ಸುತ್ತ ಪೆನ್ಸಿಲಿನ ಗೆರೆ ಎಳೆದು ಕಳಿಸುವುದು. ಕಾಕನ ಹೆಂಡತಿ ನನ್ನ ಪಾದವನ್ನೂ ಎಳೆದು ತಮ್ಮ ಪತ್ರದೊಟ್ಟಿಗೆ ಹಾಕಿದ್ದರು. ರಜೆಯಲ್ಲಿ ಬಂದ ಕಾಕ ಪೆಟ್ಟಿಗೆ ಬಿಚ್ಚಿದಾಗ ಸಾಬೂನು, ಸೆಂಟು, ಖರ್ಜೂರದ ಅಡಿಯಿಂದ ನನ್ನ ಶೂ ಬಂತು. ನೋಡಲು ಚಂದ ಇರಲಿಲ್ಲ. ಬೂದು ಬಣ್ಣ, ದಪ್ಪ ಮೂತಿ. ಅಟ್ಟೆ ಮಾತ್ರ ಹಲಗೆಯ ಹಾಗೆ ಚಪ್ಪಟೆ. ಎತ್ತರದ ಹಿಮ್ಮಡಿ ಇಲ್ಲ, ಹಲ್ಲು ಇಲ್ಲ. ಉಗುರಿನಲ್ಲಿ ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಿನ ರಬ್ಬರು.

"ಇದು ಗುಡ್ಡದ ಸೈಕಲಿಗೆಂದೇ ಮಾಡಿದ್ದು ಮಗಳೇ," ಎಂದರು ಕಾಕ. "ಪೆಡಲಿನ ಮುಳ್ಳು ಈ ರಬ್ಬರಿನಲ್ಲಿ ಕಚ್ಚಿ ಕೂತುಕೊಳ್ತದೆ, ಕಾಲು ಅಲುಗುವುದಿಲ್ಲ. ಆದರೆ ಇದನ್ನು ಹಾಕಿ ಗುಡ್ಡದಲ್ಲಿ ನಡೆಯಬೇಡ. ಮೆತ್ತಗೆ ಉಂಟಲ್ಲ, ತೇಯ್ದು ಹೋಗ್ತದೆ."

ಅಭ್ಯಾಸಕ್ಕೆಂದು ಮಾಸ್ಟರು ಎಲ್ಲಿಂದಲೋ ಒಂದು ಗೇರಿನ ಸೈಕಲ್ ತರಿಸಿಕೊಟ್ಟಿದ್ದರು. ಅದರ ಪೆಡಲಿನ ತುಂಬ ಕಬ್ಬಿಣದ ಸಣ್ಣ ಮುಳ್ಳುಗಳು. ಹೊಸ ಶೂ ಹಾಕಿ ಮೊದಲ ಸಲ ನಮ್ಮ ಇಳಿಜಾರು ಇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಸೈಕಲ್ ಬಂಡೆಯಿಂದ ಬಂಡೆಗೆ ಕುಪ್ಪಳಿಸಿತು, ಕಾಲು ಇಟ್ಟಲ್ಲೇ ಇತ್ತು. ಜೀವಮಾನವಿಡೀ ಪೆಟ್ಟು ತಿಂದ ನನ್ನ ಕಾಲಿಗೆ ಮೊದಲ ಬಾರಿ ಮರ್ಯಾದೆ ಸಿಕ್ಕಿತ್ತು. ಸೀಟು ನನ್ನದೇ ಎಂದು ಆ ದಿನವೇ ನನಗೆ ಗೊತ್ತಾಯಿತು.

ಕಾಕ ಹೇಳಿದ್ದನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಮನೆಯಿಂದ ಇಳಿಜಾರಿನ ತಲೆಯವರೆಗೆ ಸೈಕಲ್ ತಳ್ಳಿಕೊಂಡು ಬರಿಗಾಲಿನಲ್ಲಿ ಹೋಗುತ್ತಿದ್ದೆ. ಶೂ ಕೈಯಲ್ಲಿ. ಸೈಕಲ್ ಹತ್ತುವಾಗ ಮಾತ್ರ ಹಾಕಿಕೊಳ್ಳುತ್ತಿದ್ದೆ. ಇದನ್ನು ಮಾವ ಜಗಲಿಯಲ್ಲಿ ಕೂತು ದಿನವೂ ನೋಡುತ್ತಿದ್ದರು. ನಮ್ಮಲ್ಲಿ ಹೊಸ ಚಪ್ಪಲಿ ಸವೆದೀತೆಂದು ಕೈಯಲ್ಲಿ ಹಿಡಿದು ನಡೆದು, ಬಸ್ಸು ಬರುವಲ್ಲಿ ಹಾಕಿಕೊಳ್ಳುವವರೇ ಎಲ್ಲರೂ. ಮಾವನೂ ಅದನ್ನೇ ಮಾಡಿದವರು. ಅವರ ಕಣ್ಣಿಗೆ ಅದಷ್ಟೇ ಕಂಡಿತು. ಪಾಪ, ಹುಡುಗಿ ಶೂ ಸವೆಯುತ್ತದೆಂದು ಹೆದರಿ ಬರಿಗಾಲಿನಲ್ಲಿ ನಡೆಯುತ್ತಾಳೆ ಎಂದುಕೊಂಡರು. ಅದಕ್ಕೆ ನಮ್ಮೂರಿನಲ್ಲಿ ಮದ್ದೂ ಇತ್ತು. ಹೊಸ ಚಪ್ಪಲಿ ತಂದರೆ ಕಾಲಿಗೆ ಹಾಕುವ ಮೊದಲೇ ಅಡಿಗೆ ಲಾರಿ ಟಯರಿನ ತುಂಡು ಹೊಡೆಸಿ ಗಟ್ಟಿ ಮಾಡಿಸುವುದು.

ಆಯ್ಕೆಯ ಹಿಂದಿನ ದಿನ ನಾನು ಕಾಲೇಜಿನಿಂದ ಬಂದಾಗ ಮಾವ ಜಗಲಿಯಲ್ಲಿ ಮದುಮಗನ ಹಾಗೆ ಕೂತಿದ್ದರು. ಮುಂದೆ ನನ್ನ ಶೂ. ಬಿ.ಸಿ. ರೋಡಿಗೆ ತೆಗೆದುಕೊಂಡು ಹೋಗಿ ಎರಡಕ್ಕೂ ಟಯರಿನ ಅಟ್ಟೆ ಹಾಕಿಸಿ ತಂದಿದ್ದರು. ಅಂಟು ಹಚ್ಚಿ, ಸುತ್ತಲೂ ಮೊಳೆ ಹೊಡೆದಿದ್ದರು.

"ಇನ್ನು ಹತ್ತು ವರ್ಷ ಎಂತದ್ದೂ ಆಗುವುದಿಲ್ಲ ಮಾರಾಯ್ತಿ," ಎಂದರು. "ಧೈರ್ಯದಲ್ಲಿ ಹಾಕಿ ನಡಿ. ಆ ಬ್ಯಾರಿಗೆ ಪಾಪ ಮೋಸ ಆಗಿದೆ. ಅಡಿಗೆ ಒಂದು ಹಲ್ಲೂ ಇಲ್ಲದ ಶೂ ಕೊಟ್ಟಿದ್ದಾರೆ."

ಅವರ ಮುಖ ನೋಡಿದೆ. ನಾನು ಕುಣಿಯುತ್ತೇನೆಂದು ಕಾಯುತ್ತಿದ್ದರು. ನನಗೆ ಶೂವನ್ನು ಅವರ ತಲೆಗೇ ಎಸೆಯಬೇಕೆನಿಸಿತು. ಒಳಗೆ ಒಯ್ದು ಕತ್ತಿಯ ಮೊನೆಯಿಂದ ಟಯರನ್ನು ಎಬ್ಬಿಸಲು ನೋಡಿದೆ. ಅಂಟಿನೊಟ್ಟಿಗೆ ಮೆತ್ತಗಿನ ರಬ್ಬರೂ ತುಂಡುತುಂಡಾಗಿ ಕಿತ್ತು ಬಂತು. ಅಮ್ಮ ಓಡಿ ಬಂದು ಕೈ ಹಿಡಿದಳು.

"ಎಂತ ಮಾಡ್ತಿ ನೀನು? ಅಣ್ಣ ಅಷ್ಟು ಪ್ರೀತಿಯಲ್ಲಿ ಮಾಡಿಸಿ ತಂದದ್ದು. ಅವರೆದುರು ಒಂದು ಮಾತು ಆಡಿದರೆ ನೋಡು."

"ಇದು ಜಾರ್ತದೆ ಅಮ್ಮ. ನಾಳೆ ನಾನು ಬೀಳ್ತೇನೆ."

"ಟಯರು ಜಾರ್ತದಾ? ಲಾರಿಯೇ ಘಾಟಿ ಹತ್ತುತ್ತದೆ ಅದರಲ್ಲಿ."

ಬೇರೆ ಶೂ ನನ್ನಲ್ಲಿರಲಿಲ್ಲ. ಚಪ್ಪಲಿ ಹಾಕಿದವರನ್ನು ಸಾಲಿಗೇ ನಿಲ್ಲಿಸುವುದಿಲ್ಲವೆಂದು ಮಾಸ್ಟರು ಮೊದಲೇ ಎಚ್ಚರಿಸಿದ್ದರು.

ಮರುದಿನ ಬೆಳಿಗ್ಗೆ ಮಾವನೂ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಜೊತೆಗೆ ಹೊರಟರು. ಪುತ್ತಿಗೆಯ ಆ ಗುಡ್ಡ ನಮ್ಮ ಇಳಿಜಾರಿನಷ್ಟು ಕಷ್ಟದ್ದೇನಲ್ಲ. ನಾನು ಅದನ್ನು ಗೆದ್ದೇ ಬಿಡುತ್ತಿದ್ದೆ, ಶೂವಿನಡಿ ಆ ಟಯರು ಇಲ್ಲದಿದ್ದರೆ. ಪೆಡಲಿನ ಮುಳ್ಳು ಲಾರಿ ಟಯರಿಗೆ ಇಳಿಯಲೇ ಇಲ್ಲ. ಸೋಡಾ ಬಾಟಲಿಯ ಮೇಲೆ ಕಾಲಿಟ್ಟ ಹಾಗೆ ಪಾದ ಹೊರಳುತ್ತಿತ್ತು. ಅರ್ಧ ದಾರಿಯವರೆಗೆ ಹಲ್ಲು ಕಚ್ಚಿ ಹಿಡಿದೆ. ಕೆಂಪುಕಲ್ಲು ಕಡಿದ ಕೋರೆಯ ಅಂಚಿನಲ್ಲಿ ಸೈಕಲ್ ಒಮ್ಮೆ ಕುಪ್ಪಳಿಸಿತು, ಬಲಗಾಲು ಜಾರಿತು. ಪೆಡಲು ತಿರುಗಿ ಬಂದು ಹಳೆಯ ಕಲೆಗಳ ಮೇಲೆಯೇ ಉದ್ದಕ್ಕೂ ಸೀಳಿತು. ನಾನು ಸೈಕಲ್ ಸಮೇತ ಕಲ್ಲಿನ ರಾಶಿಗೆ ಬಿದ್ದೆ. ಹಿಂದೆ ಬರುತ್ತಿದ್ದ ಹುಡುಗಿಯರು ನನ್ನನ್ನು ದಾಟಿ ಇಳಿದು ಹೋದರು.

ಮೊದಲು ಓಡಿ ಬಂದದ್ದು ಮಾವ. ಹೆಗಲ ಮೇಲಿನ ಬೈರಾಸು ತೆಗೆದು, ಆ ಬಟ್ಟೆಯಿಂದಲೇ ಕಾಲು ಕಟ್ಟಿದರು. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳಬಾರದು. ಶೂ ಬಿಚ್ಚಿ, ತಿರುಗಿಸಿ ನೋಡಿ, ನನ್ನನ್ನು ಸಮಾಧಾನ ಮಾಡಲು ಹೇಳಿದರು: "ಹೋಗಲಿ ಬಿಡು. ಶೂವಿಗೆ ಎಂತದ್ದೂ ಆಗಲಿಲ್ಲ."

ಬಸ್ಸಿನವರೆಗೆ ಅದನ್ನು ಅವರೇ ಹಿಡಿದುಕೊಂಡು ಬಂದರು. ದಾರಿಯಲ್ಲಿ ಕೇಳಿದವರಿಗೆಲ್ಲ ಸೈಕಲ್ ಸರಿ ಇರಲಿಲ್ಲ ಎಂದರು. ನಾನು ಕುಂಟುತ್ತ ಹಿಂದಿನಿಂದ ನಡೆದೆ. ಕೆಟ್ಟದ್ದು ಮಾಡಿದ್ದರೆ ಊರು ಕೇಳುವ ಹಾಗೆ ಬೈಯಬಹುದಿತ್ತು. ಅವರು ನನಗೆ ಆ ಸುಖವನ್ನೂ ಉಳಿಸಲಿಲ್ಲ.

ಶೂವನ್ನು ಆಮೇಲೆ ಅಮ್ಮ ಹಾಕಿಕೊಂಡಳು. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳ ದಾಟಿ ದನದ ಹಟ್ಟಿಗೆ ಹೋಗಲು, ಹುಲ್ಲು ತರಲು, ಎಲ್ಲದಕ್ಕೂ ಅದೇ. ಒಮ್ಮೆಯೂ ಜಾರಿ ಬೀಳಲಿಲ್ಲ.

ನನ್ನನ್ನು ಬೆಳ್ತಂಗಡಿಯ ಕಡೆಗೆ ಮದುವೆ ಮಾಡಿ ಕೊಟ್ಟರು. ಕೆಲವು ವರ್ಷ ಕಳೆದು ಮಾವ ಒಮ್ಮೆ ನಮ್ಮ ಮನೆಗೆ ಬಂದಾಗ, ಚಾ ಕುಡಿಯುತ್ತ ನನ್ನ ಗಂಡನೊಡನೆ ಶೂವಿನ ಮಾತು ತೆಗೆದರು. "ನಿಮ್ಮ ಅತ್ತೆ ಇನ್ನೂ ಅದನ್ನೇ ಹಾಕುವುದು. ನಾನು ಅಂದು ಅಟ್ಟೆ ಹಾಕಿಸದಿದ್ದರೆ ಒಂದು ಮಳೆಗಾಲ ಬರ್ತಿರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಅಲ್ಲವಾ ಮಾರಾಯ್ತಿ?" ಎಂದರು.

"ಹೌದು ಮಾವ," ಎಂದೆ. ಮಡಿಲ ಮೇಲಿನ ತಡ್ಪೆಯಲ್ಲಿ ಇನ್ನೂ ಅರ್ಧ ಕಟ್ಟು ಬೀಡಿ ಎಲೆ ಬಾಕಿ ಇತ್ತು.