ಕತ್ತಿಯ ಮೇಲಿನ ಕುಂಕುಮ

ನಮ್ಮ ಮನೆಯ ಹಳೇ ಕತ್ತಿ ಯಾವ ಯುದ್ಧಕ್ಕೂ ಹೋದದ್ದಲ್ಲ. ಹೋಗಿತ್ತೆಂದು ಚಿಕ್ಕಪ್ಪ ಹೇಳುತ್ತಾನೆ. ಅವನು ಹೇಳುವುದರಲ್ಲಿ ಅರ್ಧ ಬಿಟ್ಟು, ಉಳಿದರ್ಧವನ್ನೂ ನಂಬದಿರುವುದು ಕ್ಷೇಮ. ವರ್ಷಕ್ಕೊಮ್ಮೆ, ವಿಜಯದಶಮಿಯಂದು, ಅಕ್ಕೂರಿನ ನಮ್ಮ ಮನೆ ಮುಂದೆ ದಾಯಾದಿಗಳೆಲ್ಲ ಸೇರಿದಾಗ ಅಪ್ಪ ಅದರಲ್ಲಿ ಒಂದು ಬಾಳೆಕಂದು ಕಡಿಯುತ್ತಿದ್ದ. ಒಂದೇ ಏಟಿಗೆ ಬೀಳಬೇಕು. ಅಷ್ಟೇ ಅದರ ಪರಾಕ್ರಮ.

ಕತ್ತಿಗೆ ಶತ್ರು ಅಂತ ಇದ್ದರೆ ಅದು ಪೂಜೆ. ನೀರಲ್ಲಿ ಕಲಸಿ ಹಚ್ಚಿದ ಕುಂಕುಮ ಹಾಗೇ ಒರೆಯೊಳಗೆ ಹೋದರೆ ಅಲಗಿಗೆ ತುಕ್ಕು ಖಂಡಿತ. ಹಾಗಂತ ಪೂಜೆಯ ಕುಂಕುಮ ಒರೆಸುವಂತಿಲ್ಲ, ಅಪಶಕುನ. ಇದಕ್ಕೆ ಅಪ್ಪ ಒಂದು ದಾರಿ ಕಂಡುಕೊಂಡಿದ್ದ. ಹೆಬ್ಬೆರಳನ್ನು ಹರಳೆಣ್ಣೆಯಲ್ಲಿ ಅದ್ದಿ, ಕುಂಕುಮವನ್ನು ಮೆಲ್ಲಗೆ ಎಬ್ಬಿಸಿ, ಅಷ್ಟನ್ನೂ ನನ್ನ ಮತ್ತು ಅಮ್ಮನ ಹಣೆಗೆ ಇಡುತ್ತಿದ್ದ.

"ಒರೆಸಂಗಿಲ್ಲ ಕಣವ್ವ. ಹಣೆಗಿಟ್ಕಂಡ್ರೆ ತಪ್ಪಿಲ್ಲ."

ಆಮೇಲೆ ಹಳೇ ಪಂಚೆಯ ತುಂಡಿನಿಂದ ಅಲಗಿಗೆಲ್ಲ ತೆಳ್ಳಗೆ ಎಣ್ಣೆ ಸವರಿ ಒರೆಗೆ ಸೇರಿಸುತ್ತಿದ್ದೆವು. ದಸರೆಯ ಫೋಟೋಗಳಲ್ಲೆಲ್ಲ ನನ್ನ ಹಣೆ ದೋಸೆ ಕಾವಲಿಯ ಹಾಗೆ ಮಿರುಗುತ್ತದೆ.

ಒಂದು ದಸರೆ ಮುಗಿದ ಸಂಜೆ ಸಾತನೂರಿನ ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟು ಮಾತು ತೆಗೆದ. ಅಪ್ಪನಿಗೆ ನಾನೊಬ್ಬಳೇ ಮಗಳು.

"ಗಂಡ್ಮಕ್ಳಿಲ್ದ ಮನೇಲಿ ಕತ್ತಿ ಯಾಕಣ್ಣ? ನಮ್ಮನೇಲಿರ್ಲಿ ಬುಡು."

ಅಪ್ಪನ ಮುಖ ಸಪ್ಪಗಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಅಪ್ಪ ಕತ್ತಿಯನ್ನು ಗೋಡೆಯ ಮೊಳೆಯಿಂದಿಳಿಸಿ ಕೊಟ್ಟು, "ತಗಂಡೋಗ್ಲಾ. ಆದ್ರೆ ಪೂಜೆ ಮಾಡ್ದಾಗ ಕುಂಕುಮಾನ..." ಎಂದು ಶುರು ಮಾಡಿದ.

"ಸುಮ್ಕಿರಣ್ಣ! ಕತ್ತಿ ನೋಡ್ಕಳದೇನು ಮಗು ಸಾಕೋದಾ?"

ಅಪ್ಪ ಹರಳೆಣ್ಣೆ ಬಟ್ಟಲನ್ನು ಒಳಗೆ ಎತ್ತಿಟ್ಟ.

ಚಿಕ್ಕಪ್ಪ ದೀಪಾವಳಿ ಅಮಾವಾಸ್ಯೆಗೆ ಭಕ್ತಿಯಿಂದ ಕುಂಕುಮ ಬಳಿದು, ಹಸಿಹಸಿಯಾಗಿಯೇ ಒರೆಗೆ ತುರುಕಿದವನು ಮತ್ತೆ ಹೊರತೆಗೆಯಲೇ ಇಲ್ಲವಂತೆ. ಮರುವರ್ಷ ಜರಿ ಪೇಟ ಸುತ್ತಿಕೊಂಡು ಬಂದು ಬಾಳೆಕಂದಿನ ಮುಂದೆ ನಿಂತ. ಅವನ ಮಗ ಮೊಬೈಲ್ ಹಿಡಿದ. ಚಿಕ್ಕಪ್ಪ ಹಿಡಿ ಹಿಡಿದು ಎಳೆದ. ಬರಲಿಲ್ಲ. ಒರೆಯನ್ನು ತೊಡೆಯ ನಡುವೆ ಇರುಕಿಸಿಕೊಂಡು ಎಳೆದ. ಪೇಟ ಬಿತ್ತು, ಕತ್ತಿ ಬರಲಿಲ್ಲ. ಮಗ ಮೊಬೈಲ್ ಜೇಬಿಗಿಟ್ಟು ಆ ಕಡೆಯಿಂದ ಜಗ್ಗಿದ. ಕೊನೆಗೆ ಇಬ್ಬರೂ ಎರಡು ಕಡೆ ಕುಕ್ಕರಿಸಿ ಬಿದ್ದಾಗ, ಚಿಕ್ಕಪ್ಪನ ಕೈಯಲ್ಲಿ ಬೆಲ್ಲದ ಬಣ್ಣದ ಕತ್ತಿಯಿತ್ತು.

ಯಾರೂ ನಗಲಿಲ್ಲ. ನಾನು ಸೆರಗು ಬಾಯಿಗೆ ತುರುಕಿಕೊಂಡಿದ್ದೆ. ಅಪ್ಪ ಏನೂ ಆಗದವನಂತೆ ಎಳನೀರು ಕೊಚ್ಚುವ ಮಚ್ಚು ತಂದುಕೊಟ್ಟ. ಆ ವರ್ಷದ ಕಂದು ಅದರಲ್ಲೇ ಬಿತ್ತು, ಅದೂ ಮೂರು ಕಂತಿನಲ್ಲಿ.

ಕತ್ತಿ ನಮ್ಮ ಮೊಳೆಗೆ ವಾಪಸಾಯಿತು. ಅಪ್ಪನಿಗೆ ಭುಜ ನೋವು. ಹಾಗಾಗಿ ಇಟ್ಟಿಗೆ ಪುಡಿ, ಹರಳೆಣ್ಣೆ, ತೆಂಗಿನ ನಾರು ಹಿಡಿದು ವರ್ಷವೆಲ್ಲ ಉಜ್ಜಿದವಳು ನಾನು, ಜಗಲಿಯ ಮೇಲೆ ಕೂತು ತಪ್ಪು ಹುಡುಕಿದವನು ಅವನು.

ಮುಂದಿನ ದಸರೆಗೆ ಅಲಗು ಮತ್ತೆ ಬೆಳ್ಳಗಾಗಿತ್ತು. "ಈ ಸಲ ಕಡಿಯೋದು ಯಾರಣ್ಣ?" ಎಂದು ಚಿಕ್ಕಪ್ಪ ಮೆತ್ತಗೆ ಕೇಳಿದ.

"ತುಕ್ಕು ತೆಗ್ದೋರು," ಎಂದು ಅಪ್ಪ ಕತ್ತಿಯನ್ನು ನನ್ನ ಕೈಗಿಟ್ಟ.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀಸಿದೆ. ಕಂದು ಒಂದೇ ಏಟಿಗೆ ಬಿತ್ತು. ಅಪ್ಪ ಕಣ್ಣೊರೆಸಿಕೊಂಡ.

ಈಗ ಅಲಗಿನ ಕುಂಕುಮ ತೆಗೆಯಬೇಕಿತ್ತು. ನಾನು ಹೆಬ್ಬೆರಳನ್ನು ಎಣ್ಣೆಯಲ್ಲಿ ಚೆನ್ನಾಗಿಯೇ ಅದ್ದಿದೆ.

"ಚಿಕ್ಕಪ್ಪ, ಹಣೆ ತೋರ್ಸು."

ಅಷ್ಟು ಜನರ ಎದುರು ಅವನು ತಲೆ ಬಗ್ಗಿಸಿದ. ಅಲಗಿನಲ್ಲಿದ್ದ ಕುಂಕುಮವನ್ನೆಲ್ಲ ಅಲ್ಲಿಗೇ ಬಳಿದೆ. ಕೆಂಪೆಣ್ಣೆ ಹುಬ್ಬು ದಾಟಿ ಮೂಗಿನ ತುದಿಗಿಳಿದು ಹೊಸ ಜರಿ ಶಲ್ಯದ ಮೇಲೆ ತೊಟ್ಟಿಕ್ಕತೊಡಗಿತು. ಪಾಪ, ಒರೆಸಿಕೊಳ್ಳುವಂತಿರಲಿಲ್ಲ.