ಬಾಗಿಲು ನೋಡುತ್ತಿದ್ದ ನಾಗರತ್ನಮ್ಮ

ನಾಗರತ್ನಮ್ಮನವರು ಯಾರ ಮನೆಗೆ ಹೋದರೂ ಮೊದಲು ಹಿಮ್ಮುಖವಾಗಿ ನಡೆಯುತ್ತಿದ್ದರು. ಗೇಟಿನ ಮುಂದೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮನೆಯ ಕಡೆಗೇ ಮುಖ ಮಾಡಿಕೊಂಡು ಹತ್ತು ಹೆಜ್ಜೆ ಹಿಂದಕ್ಕೆ. ಅಷ್ಟರಲ್ಲಿ ಬೀದಿಯ ನಡುವೆ ಬಂದಿರುತ್ತಿದ್ದರು. ಮಾವಿನ ಕ್ರೇಟು ಹೇರಿಕೊಂಡ ಆಟೋದವನು ಹಾರ್ನ್ ಹೊಡೆದರೆ ಬೈಗುಳ ಅವನಿಗೇ: "ಇರಪ್ಪಾ, ಮನೆ ನೋಡ್ತಿದೀನಿ, ಕಾಣ್ಸಲ್ವಾ?"

ಶ್ರೀನಿವಾಸಪುರದ ಬಸ್ ನಿಲ್ದಾಣದ ಹಿಂದೆ ಅವರದೊಂದು ಸಣ್ಣ ಗಿಫ್ಟ್ ಅಂಗಡಿ. ಗಂಡ ತೀರಿಕೊಂಡ ಮೇಲೆ ಅವರೇ ನಡೆಸುತ್ತಿದ್ದರು. ಗಾಳಿಗಂಟೆ, ನಗುವ ಬುದ್ಧ, ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ, ಎಂಟು ಮೂಲೆಯ ಕನ್ನಡಿ ಎಲ್ಲ ಇದ್ದವು. ಮಾಲಿನ ಜೊತೆ ಬಂದ ಒಂದು ಪುಸ್ತಕವನ್ನು ಓದಿ ಓದಿ ಫೆಂಗ್‌ಶೂಯಿ ಎಂಬ ಚೀನಾದ ವಾಸ್ತು ಕಲಿತಿದ್ದರು. ಬೆಳಿಗ್ಗೆ ತಿಮ್ಮಪ್ಪನ ಪಟಕ್ಕೆ ಹಚ್ಚಿದ ಊದುಬತ್ತಿಯನ್ನೇ ಬುದ್ಧನಿಗೂ ಒಂದು ಸುತ್ತು ತೋರಿಸುತ್ತಿದ್ದರು. ಆಂಜನೇಯನನ್ನು ನಂಬಿದ ನನಗೆ ಇದು ಸರಿಬರಲಿಲ್ಲ.

"ನಮ್ ದೇವ್ರು ಸಾಲ್ದಾ ಅಮ್ಮಾ, ಚೀನಾದೋರದ್ದೂ ಬೇಕಾ?" ಅಂದಿದ್ದೆ ಒಮ್ಮೆ.

"ಏಮ್ಮಾ, ಇದು ದೇವ್ರಲ್ಲ ಕಣೇ. ಬಾಗಿಲಿಗೆ ಬಂದೋರು ಖುಷಿಯಾಗಿ ಒಳಗ್ ಬರ್ಲಿ ಅಂತ. ನಗೋ ಮುಖ ಯಾವ ದೇಶದ್ದಾದ್ರೇನು?" ಅಂದಿದ್ದರು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ.

ಮನೆಯ ಬಾಗಿಲು ನೋಡದೆ ಅವರು ಸಾಮಾನು ಕೊಡುತ್ತಿರಲಿಲ್ಲ. ನೋಡಿದ ಮೇಲೆ ಎಷ್ಟೋ ಸಲ ಕೊಡುತ್ತಲೇ ಇರಲಿಲ್ಲ. ಉರಿದುಹೋದ ಬಲ್ಬು ಬದಲಾಯಿಸಿ, ಕಿರ್‍ರೆನ್ನುವ ಕೀಲಿಗೆ ಎಣ್ಣೆ ಬಿಡಿ, ಚಪ್ಪಲಿ ಪಕ್ಕಕ್ಕೆ ಜೋಡಿಸಿ ಎಂದು ಹೇಳಿ ಬಂದುಬಿಡುವರು. ಗಾಳಿಗಂಟೆ ಕೇಳಿದ ಮೇಷ್ಟ್ರೊಬ್ಬರ ವರಾಂಡ ನೋಡಿ, "ಮೊದ್ಲು ಆ ಹಳೇ ಟೈರು ಎತ್ತಿಸಿ ಮೇಷ್ಟ್ರೇ. ಲಕ್ಷ್ಮಿ ಎಲ್ಲಿಂದ ಬರ್ಬೇಕು, ಟೈರಿನ ತೂತಿಂದಾನಾ?" ಅಂದಿದ್ದರು. ಮೇಷ್ಟ್ರು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಟೈರು ಎತ್ತಿಸಿದರು.

ಈ ನಿಯಮವನ್ನು ಅವರು ಮುರಿದದ್ದು, ನನಗೆ ಗೊತ್ತಿದ್ದಂತೆ, ಒಂದೇ ಸಲ. ಅದು ಬಂದು ಬಿದ್ದದ್ದು ನನ್ನ ಮೇಲೆ.

ನಮ್ಮ ಎದುರುಮನೆಯ ಪದ್ಮ ನನಗೆ ಹನ್ನೆರಡು ವರ್ಷದ ಗೆಳತಿ. ಶನಿವಾರ ಗುಡಿಗೆ ಒಟ್ಟಿಗೆ ಹೋಗುವವರು. ಕರಿಬೇವು, ಹೆಪ್ಪು, ಮನಸ್ಸಿನ ಮಾತು ಯಾವುದಕ್ಕೂ ಲೆಕ್ಕವಿರಲಿಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಅವಳ ಬಾಗಿಲ ಮೇಲೆ ಎಂಟು ಮೂಲೆಯ ಕನ್ನಡಿ, ಸೀದಾ ನಮ್ಮ ಮನೆಯ ಕಡೆಗೆ. ಕೆಟ್ಟದ್ದನ್ನು ಬಂದ ದಾರಿಗೇ ವಾಪಸ್ಸು ಕಳಿಸುವ ಕನ್ನಡಿ ಅದು ಅಂತ ಊರಿಗೆಲ್ಲ ಗೊತ್ತು. ಹಾಗಾದರೆ ಕೆಟ್ಟದ್ದು ನಾನೇ ತಾನೆ? ಅವಳನ್ನು ಕೇಳಲಿಲ್ಲ. ಮಾತು ಬಿಟ್ಟೆ. ಅವಳೂ ಬಿಟ್ಟಳು. ಐದು ತಿಂಗಳು ಒಬ್ಬಳೇ ಗುಡಿಗೆ ಹೋದೆ. ಪ್ರದಕ್ಷಿಣೆಯಲ್ಲಿ ಅವಳು ಹಿಂದೆ ಬರುತ್ತಿದ್ದಾಳೇನೋ ಎಂದು ತಿರುಗಿ ನೋಡಿದ್ದೇ ಹೆಚ್ಚು. ಕೊನೆಗೆ ರೋಷ ತಡೆಯಲಾರದೆ ನಾಗರತ್ನಮ್ಮನವರ ಅಂಗಡಿಗೆ ಹೋಗಿ, "ಇರೋದ್ರಲ್ಲೇ ದೊಡ್ಡ ಕನ್ನಡಿ ಕೊಡಿ" ಅಂದೆ.

"ಯಾರ ಎದುರಿಗೆ ಹಾಕೋಕೆ?"

"ಎದುರುಮನೆಗೆ."

ಅವರು ಕನ್ನಡಕ ತೆಗೆದಿಟ್ಟರು. "ನಾಳೆ ಬರ್ತೀನಿ."

ಮರುದಿನ ಬಂದರು, ಹಿಂದಕ್ಕೆ ನಡೆದರು, ನಡೆದು ನಡೆದು ಪದ್ಮನ ಮೆಟ್ಟಿಲಿಗೇ ಮುಟ್ಟಿದರು. ತಲೆಯೆತ್ತಿ ಕನ್ನಡಿ ನೋಡಿದವರ ಮುಖ ಸಣ್ಣದಾಯಿತು. "ಅಯ್ಯೋ, ಇದು ನನ್ ಅಂಗಡೀದೇ. ಅವತ್ತು ಜಡಿಮಳೆ. ನೋಡೋಕೆ ಬರ್ದೇನೇ ಕೊಟ್ಟುಕಳಿಸ್ಬಿಟ್ಟೆ. ನೀನಿಲ್ಲಿ ಬಾ."

"ಆ ಮೆಟ್ಟಿಲು ನಾನು ಹತ್ತಲ್ಲ."

"ಬಾರೇ ಅಮ್ಮಾಯಿ, ಮೆಟ್ಟಿಲೇನು ಕಚ್ಚುತ್ತಾ?" ಕೈ ಹಿಡಿದು ಎಳೆದು, ನನ್ನನ್ನು ಪದ್ಮನ ಬಾಗಿಲಲ್ಲಿ ನಿಲ್ಲಿಸಿ, ಭುಜ ತಿರುಗಿಸಿದರು. "ಈಗ ನಿನ್ ಮನೆ ನೋಡು."

ನೋಡಿದೆ. ಹುಡುಗರು ಹಾರಿಬರಬಾರದೆಂದು ನಮ್ಮ ಯಜಮಾನರು ಹೊಸದಾಗಿ ಮಾಡಿಸಿದ ಗೇಟು. ಸಾಲಾಗಿ ಈಟಿಯ ಮೊನೆಗಳು, ಅವೂ ಬೀದಿಯ ಕಡೆಗೆ ಬಾಗಿದವು. ಅದಕ್ಕೆ ನೇತುಹಾಕಿದ 'ನಾಯಿ ಇದೆ ಎಚ್ಚರಿಕೆ' ಬೋರ್ಡು. ನಮ್ಮಲ್ಲಿ ನಾಯಿಯೇ ಇಲ್ಲ. ದಿನಾ ಒಳಗಿನಿಂದ ನೋಡುವ ನನಗೆ ಬರೀ ಗೇಟಿನ ಬೆನ್ನು ಕಾಣುತ್ತಿತ್ತು.

ಸದ್ದಿಗೆ ಪದ್ಮ ಬಾಗಿಲು ತೆಗೆದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಬ್ಬಳೇ ಬಂದ್ಯಾ? ನಾಯೀನೂ ಕರ್ಕೊಂಡ್ ಬರ್ಬೇಕಿತ್ತು" ಅಂದಳು.

ನನಗೆ ನಗು ಬಂತು. ಜೊತೆಗೆ ಅಳುವೂ.

"ನಾನೇನು ದೆವ್ವಾನಾ ಪದ್ಮಾ, ಕನ್ನಡಿ ಹಾಕೋಕೆ?"

"ನಿನಗ್ಯಾರೇ ಹಾಕಿದ್ರು? ಬೆಳಿಗ್ಗೆ ಬಾಗಿಲು ತೆಗೆದ್ರೆ ಆ ಮೊನೆಗಳು ಎದೆಗೇ ನೆಟ್ಟಂಗೆ. ನಿಮ್ಮನೆಯವ್ರು ಆಸೆಪಟ್ಟು ಮಾಡ್ಸಿದ್ದು, ಹೆಂಗೆ ಹೇಳ್ಲಿ? ಕೇಳ್ತೀಯ ಅಂತ ಕಾದೆ. ನೀನು ಕೇಳ್ಲೇ ಇಲ್ಲ."

ನಾಗರತ್ನಮ್ಮನವರು ಅಷ್ಟರಲ್ಲಿ ಸ್ಟೂಲ್ ತರಿಸಿ, ಮಂಡಿನೋವಿನಲ್ಲೂ ತಾವೇ ಹತ್ತಿ ಕನ್ನಡಿ ಬಿಚ್ಚಿದರು. "ತಪ್ಪು ನಂದು. ಮಾತಾಡಿ ಮುಗಿಸೋದಕ್ಕೆ ಗಾಜು ಮಾರಿದೆ" ಅಂದರು. ಯಜಮಾನರು ಒಂದು ವಾರ ಗೊಣಗಿ, ವೆಲ್ಡಿಂಗ್‌ನವನನ್ನು ಕರೆಸಿ ಮೊನೆಗಳನ್ನು ಕತ್ತರಿಸಿ ದುಂಡಗೆ ಮಾಡಿಸಿದರು. ಬೋರ್ಡು ನಾನೇ ಕಿತ್ತೆ. ಅವತ್ತು ನಾನು ಕೇಳಿದ ತಕ್ಷಣ ನಾಗರತ್ನಮ್ಮನವರು ಕನ್ನಡಿ ಕೊಟ್ಟಿದ್ದರೆ ಏನಾಗುತ್ತಿತ್ತೋ! ಕೊಡಲಿಲ್ಲವಲ್ಲ, ಅದನ್ನು ಆಂಜನೇಯಸ್ವಾಮಿಯ ದಯೆ ಎಂದೇ ಎಣಿಸುತ್ತೇನೆ.

ಹೋದ ಯುಗಾದಿ ಕಳೆದ ಮೇಲೆ ಅವರು ಅಂಗಡಿ ಮುಚ್ಚಿ ಮದನಪಲ್ಲಿಯ ಮಗಳ ಮನೆಗೆ ಹೊರಟರು. ಮಂಡಿ ಕೇಳುತ್ತಿರಲಿಲ್ಲ. ಪದ್ಮ, ನಾನು ಹಣ್ಣು, ಒಂದು ಸೀರೆ ಹಿಡಿದು ಬಸ್ಸಿನ ಹತ್ತಿರ ಹೋದೆವು. ಕಿಟಕಿಯಿಂದ ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದರು. "ಒಟ್ಟಿಗೇ ಬಂದ್ರಾ? ಸರೇ ಸರೇ. ನನಗಿನ್ನೇನು ಬೇಕು" ಅಂದರು. ಬಸ್ಸು ಹೊರಟಾಗ ಮುಖ ಆ ಕಡೆ ತಿರುಗಿಸಿಕೊಂಡರು.

ನಾವು ನಡೆದು ನಮ್ಮ ಬೀದಿಗೆ ಬಂದೆವು. "ನಡಿ, ನಮ್ಮನೇಲಿ ಕಾಫಿ" ಅಂದಳು ಪದ್ಮ. "ಇಲ್ಲ, ನಾನು ಹಾಲು ಕಾಯಿಸಿಟ್ಟೇ ಬಂದಿದೀನಿ, ನಮ್ಮನೆಗೇ" ಅಂದೆ. ಅವಳು ಬಿಡಲಿಲ್ಲ, ನಾನೂ ಬಿಡಲಿಲ್ಲ. ಎರಡು ಬಾಗಿಲುಗಳ ನಡುವೆ, ಬಿಸಿಲಿನಲ್ಲಿ, ಎಷ್ಟೋ ಹೊತ್ತು ವಾದ ಮಾಡುತ್ತಾ ನಿಂತೆವು. ತೀರ್ಪು ಹೇಳಲು ಊರಿನಲ್ಲಿ ನಾಗರತ್ನಮ್ಮನವರು ಇರಲಿಲ್ಲ.