ಕಲಾವತಿ ಟೀಚರ್ ಹೆದರಿಸಿದ ಉಪ್ಪು

ಹೆದರಿಸುವಾಗ ಕಲಾವತಿ ಟೀಚರ್ ಒಂಚೂರೂ ನಗುತ್ತಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ದನಿ ತಗ್ಗಿಸಿ, ಯಾರೋ ತೀರಿಕೊಂಡ ಸುದ್ದಿ ಹೇಳುವವರ ಹಾಗೆ ಶುರು ಮಾಡಿದರೆಂದರೆ ಎಂಥವರ ಅಂಗೈಯೂ ಬೆವರಬೇಕು.

ಭಾಲ್ಕಿಯ ಹೈಸ್ಕೂಲಿಗೆ ನಾನು ಕನ್ನಡ ಕಲಿಸಲು ಸೇರಿದ ದಿನವೇ ನನ್ನ ಮೇಲೆ ಅವರ ಪ್ರಯೋಗ ನಡೆಯಿತು. ಅವರು ಅಲ್ಲಿ ವಿಜ್ಞಾನದ ಟೀಚರ್. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಬಂದು ಕುಳಿತು ಪಿಸುಗುಟ್ಟಿದರು.

“ಮೇಡಂ, ಒಂದು ಪದಾರ್ಥ ಅದರಿ. ಮೂಗಿನಾಗ ಹೋದ್ರ ಉಸಿರು ಕಟ್ತದ. ಕಬ್ಬಿಣಾನೇ ತಿಂದ ಹಾಕ್ತದ. ಒಮ್ಮೆ ಚಟಾ ಹತ್ತಿತಂದ್ರ ಮುಗೀತು, ಬಿಟ್ಟವರು ಯಾರೂ ಬದುಕಿಲ್ಲ. ನಿಮ್ಮ ಬ್ಯಾಗಿನಾಗೂ ಅದ ಅಂತ ನನಗ ಸಂಶಯ.”

ನಾನು ಗಾಬರಿಯಾಗಿ ಬ್ಯಾಗನ್ನು ಮೇಜಿನ ಮೇಲೆ ಸುರಿದೆ. ಬಾಚಣಿಗೆ, ತಲೆನೋವಿನ ಗುಳಿಗೆ, ಊಟದ ಡಬ್ಬಿ, ಕೊನೆಗೆ ನೀರಿನ ಬಾಟಲಿ. ಅವರು ಬಾಟಲಿಯನ್ನು ಎತ್ತಿ, “ಸಿಕ್ತು ನೋಡ್ರಿ!” ಎಂದು ಗಟಗಟ ಕುಡಿದುಬಿಟ್ಟರು. ರೂಮಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆ ವಾರವೆಲ್ಲ ಮಾತು ಬಿಟ್ಟಿದ್ದೆ. ಆಮೇಲೆ ಅವರ ಡಬ್ಬಿಯ ಪುಂಡಿಪಲ್ಯದ ವಾಸನೆಗೆ ಸೋತು ನಾನೇ ಮಾತಾಡಿಸಿದೆ.

ಸುಮ್ಮನೆ ಚೇಷ್ಟೆಗೆಂದು ಅವರು ಹೀಗೆ ಮಾಡುತ್ತಿರಲಿಲ್ಲ. ನಮ್ಮ ಮಕ್ಕಳ ಮನೆಗಳಲ್ಲಿ ಫೋನಿನಲ್ಲಿ ಬಂದದ್ದೇ ಸತ್ಯವಾಗಿ ಹೋಗಿತ್ತು. ಒಬ್ಬಳ ತಾಯಿ ವಿಷವೆಂದು ಮನೆಯಲ್ಲಿ ಹಾಲು ಕುಡಿಯುವುದನ್ನೇ ಬಿಡಿಸಿದಳು, ಇನ್ನೊಬ್ಬನ ಅಪ್ಪ ಪ್ಲಾಸ್ಟಿಕ್ಕಿನದು ಎಂದು ಒಳ್ಳೆಯ ಅಕ್ಕಿಯನ್ನು ದನಕ್ಕೆ ಹಾಕಿದ. ನಾನಾಗಿದ್ದರೆ ಅವರನ್ನೆಲ್ಲ ಕರೆಸಿ ನಾಲ್ಕು ಮಾತು ಬೈಯುತ್ತಿದ್ದೆ. “ಬೈದ್ರ ಯಾರು ಕೇಳ್ತಾರರಿ?” ಎನ್ನುತ್ತಿದ್ದರು ಕಲಾವತಿ ಟೀಚರ್. “ಹೆದರಸೂದು ಎಷ್ಟು ಸಸಾರ ಅದ ಅಂತ ಹುಡುಗರಿಗೆ ತೋರಸ್ತೇನಿ. ಆಮ್ಯಾಲ ಅವ್ರು ಹೆದರಂಗಿಲ್ಲ.”

ಪ್ರತಿ ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಅಂಗಳದ ಕರಿಹಲಗೆಯ ಮೇಲೆ ಒಂದು ಭಯಂಕರ ಸುದ್ದಿ ಬರೆಯುತ್ತಿದ್ದರು. ಮಕ್ಕಳು ಊಹಿಸಿ, ಒಬ್ಬರು ಬಂದು ಆ ವಸ್ತುವಿನ ಹೆಸರನ್ನು ಕೆಳಗೆ ಬರೆಯಬೇಕು. ನಂತರ ಟೀಚರ್ ಒಂದೊಂದೇ ಸಾಲಿನ ಭಯ ಬಿಡಿಸಿ ಹೇಳುತ್ತ, ಆ ಸಾಲನ್ನು ಡಸ್ಟರಿನಿಂದ ಒರೆಸುತ್ತ ಹೋಗುವರು. ಕೊನೆಗೆ ಹಲಗೆ ಖಾಲಿ. ಭಯ ಬರಹದಲ್ಲಿ ಇರುತ್ತಿತ್ತು, ಅದರ ಪರಿಹಾರ ಮಾತ್ರ ಬರೀ ಬಾಯಿಮಾತಿನಲ್ಲಿ. ಆ ಕೊರತೆ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಒಂದು ಶನಿವಾರ ಉಪ್ಪಿನ ಸರದಿ. ಹಲಗೆಯ ಮೇಲೆ ಹೀಗಿತ್ತು: ನೀರಿಗೆ ಬಿದ್ದರೆ ಬೆಂಕಿ ಹತ್ತುವ ಒಂದು ಲೋಹ, ಯುದ್ಧದಲ್ಲಿ ಜನರನ್ನು ಕೊಂದ ಒಂದು ಗಾಳಿ, ಇವೆರಡು ಸೇರಿ ಆದದ್ದು ಇದು. ಸತ್ತ ದನದ ಚರ್ಮಕ್ಕೆ ಇದನ್ನು ಸವರುತ್ತಾರೆ. ನಮ್ಮೂರಿನಲ್ಲಿ ಈವರೆಗೆ ಸತ್ತವರೆಲ್ಲರೂ ಇದನ್ನು ತಿಂದವರೇ. ಹುಡುಗಿಯೊಬ್ಬಳು ಓಡಿಬಂದು ಕೆಳಗೆ ‘ಉಪ್ಪು’ ಎಂದು ದಪ್ಪಗೆ ಬರೆದಳು. ಮಗನನ್ನು ಬಿಡಲು ಬಂದಿದ್ದ ಯಾರೋ ಪುಣ್ಯಾತ್ಮ ಆಗಲೇ ಫೋಟೊ ತೆಗೆದು ಹೋಗಿಬಿಟ್ಟ. ಹಲಗೆ, ಪಕ್ಕದಲ್ಲಿ ಗಂಭೀರ ಮುಖದ ಟೀಚರ್, ಎಲ್ಲ ಬಂದಿತ್ತು. ಒರೆಸುವವರೆಗೆ ನಿಲ್ಲಲು ಅವನಿಗೆ ಪುರುಸೊತ್ತಿರಲಿಲ್ಲ.

ಬೀದರ ಹತ್ತಿರದ ಕೊಳಾರದ ಫ್ಯಾಕ್ಟರಿಯಲ್ಲಿದ್ದ ನನ್ನ ಮೈದುನನ ಫೋನಿಗೂ ಆ ಫೋಟೊ ಬಂತು. ಕೆಳಗೆ ಯಾರೋ ‘ಇವತ್ತೇ ಬಿಡಿ, ಎಲ್ಲರಿಗೂ ಕಳಿಸಿ’ ಎಂದು ಸೇರಿಸಿದ್ದರು. “ನೋಡ್ರಿ, ಫೇಮಸ್ ಆದೆ,” ಎಂದು ಟೀಚರ್ ನಕ್ಕರು. ನಾನೂ ನಕ್ಕೆ.

ಸ್ವಲ್ಪ ದಿನಕ್ಕೆ ಔರಾದದಿಂದ ಫೋನು ಬಂತು. ಅಲ್ಲಿ ಅವರ ಅಕ್ಕ ಶಾಂತಕ್ಕ, ಮಗಳು ರೇಖಾಳ ಜೊತೆ ಇದ್ದರು. ತಾಯಿ ಇಲ್ಲದ ತಂಗಿಯನ್ನು ತೊಗರಿ ಹೊಲದಲ್ಲಿ ಕೂಲಿ ಮಾಡಿ ಓದಿಸಿದ್ದು ಈ ಶಾಂತಕ್ಕನೇ. ತಮಗೆ ಒಂದಕ್ಷರ ಬಾರದು.

“ಮೌಶಿ, ಅವ್ವಗ ಎರಡು ದಿನದಿಂದ ವಾಂತಿ ಭೇದಿ,” ಎಂದು ರೇಖಾ ಅಳುತ್ತಿದ್ದಳು. “ನಿಮ್ಮ ಹಲಗಿ ಫೋಟೊ ಯಾರೋ ಓದಿ ಹೇಳಿದಾಗಿಂದ ಉಪ್ಪೇ ಬಿಟ್ಟಾಳ, ಉಪ್ಪು ಸಕ್ಕರಿ ನೀರೂ ಕುಡಿಯೊಲ್ಲಳು. ದವಾಖಾನಿಗಿ ಒಯ್ದ್ರ ಸಲೈನಿನಾಗೂ ಉಪ್ಪದ ಅಂತ ಯಾರೋ ಅಂದ್ರು, ಸೂಜಿ ಕಿತ್ತಿ ಮನಿಗಿ ಬಂದಾಳ. ‘ನನ್ನ ತಂಗಿ ಹಲಗಿ ಮ್ಯಾಲ ಬರದಾಳ, ಆಕಿ ಸುಳ್ಳು ಬರಿಯಂಗಿಲ್ಲ’ ಅಂತಾಳ.”

ನಾವಿಬ್ಬರೂ ರಜೆ ಹಾಕಿ ಔರಾದದ ಬಸ್ಸು ಹತ್ತಿದೆವು.

ಶಾಂತಕ್ಕ ಹಾಸಿಗೆಗೆ ಅಂಟಿಕೊಂಡಂತೆ ಮಲಗಿದ್ದರು. ಕಣ್ಣು ಒಳಗೆ ಹೋಗಿದ್ದವು, ತುಟಿ ಒಡೆದಿದ್ದವು. ಟೀಚರ್ ಗ್ಲಾಸಿನಲ್ಲಿ ಉಪ್ಪು ಸಕ್ಕರೆ ನೀರು ಕದಡಿಕೊಂಡು ಪಕ್ಕದಲ್ಲಿ ಕುಳಿತರು.

“ಅಕ್ಕಾ, ಅದು ತಮಾಷಿ. ಹುಡುಗರಿಗೆ ನಗಸ್ಲಿಕ್ಕೆ ಬರದಿದ್ದೆ.”

“ಹಲಗಿ ಮ್ಯಾಲ ಯಾರರ ತಮಾಷಿ ಬರೀತಾರೇನ?” ದನಿ ಕೇಳಿಸುವುದೇ ಕಷ್ಟವಾಗಿತ್ತು. “ನಿನಗ ಸಾಲಿ ಕಲಿಸಿದ್ದು ತಮಾಷಿಗೇನ? ಅದರಾಗ ಒಂದು ಮಾತರ ಸುಳ್ಳದನ, ಹೇಳು.”

ಅಲ್ಲೇ ಟೀಚರ್ ಸಿಕ್ಕಿಬಿದ್ದರು. ಸುಳ್ಳು ಒಂದೂ ಇರಲಿಲ್ಲ. ಲೋಹ, ಗಾಳಿ, ಅವು ಕೂಡಿದರೆ ಗುಣವೇ ಬದಲಾಗುವುದು, ಎಲ್ಲವನ್ನೂ ಹೇಳಿದರು. ಶಾಂತಕ್ಕ ಕಣ್ಣು ಮುಚ್ಚಿಕೊಂಡರು. ಕೊನೆಗೆ ಟೀಚರ್ “ಹಂಗಾದ್ರ ನಾನೇ ಕುಡೀತೇನಿ, ನೋಡು,” ಎಂದು ಗ್ಲಾಸನ್ನು ಬಾಯಿಗೆ ಇಟ್ಟರು.

ಎರಡು ಗುಟುಕು ಹೋಗಿರಬೇಕು. ಎದ್ದು ಕೂರಲೂ ಆಗದಿದ್ದ ಆ ಮುದುಕಿಗೆ ಎಲ್ಲಿಂದ ಬಂತೋ ಶಕ್ತಿ, ತಟ್ಟನೆ ಎದ್ದು ತಂಗಿಯ ಕೈಯಿಂದ ಗ್ಲಾಸು ಕಸಿದುಕೊಂಡರು. “ನೀ ಬ್ಯಾಡವಾ! ನಿನ್ನ ಹಿಂದ ಸಾಲಿ ತುಂಬ ಹುಡುಗರವ!” ಎಂದವರೇ, ಉಳಿದದ್ದನ್ನು ತಂಗಿಗೆ ಸಿಗದಂತೆ ತಾವೇ ಪೂರ್ತಿ ಕುಡಿದುಬಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ಟೀಚರ್ ಮಾತ್ರ ಕಣ್ಣೊರೆಸಿಕೊಂಡು ಇನ್ನೊಂದು ಗ್ಲಾಸು ಕದಡಿದರು, ಮತ್ತೆ ತಮ್ಮ ಬಾಯಿಯ ಹತ್ತಿರ ಒಯ್ದರು. ಅದನ್ನೂ ಅಕ್ಕ ಕಸಿದುಕೊಂಡರು. ಸಂಜೆಯವರೆಗೆ ಹೀಗೇ ನಡೆಯಿತು.

ಶಾಂತಕ್ಕ ಚೇತರಿಸಿಕೊಂಡರು. ಹೇಗೂ ವಿಷ ಕುಡಿದಾಯಿತು, ಇನ್ನೇನು ಎಂದು ಊಟಕ್ಕೂ ಉಪ್ಪು ಹಾಕಿಕೊಂಡರಂತೆ. ಟೀಚರ್ ಆಮೇಲೆ ಶನಿವಾರದ ಹಲಗೆಯ ತುದಿಯಲ್ಲಿ ಮೊದಲು ‘ಹೆದರಬೇಡಿ’ ಎಂದು ಬರೆದೇ ಕೆಳಗಿನದನ್ನು ಬರೆಯುತ್ತಿದ್ದರು. ಮಜಾ ಹೋಯಿತು ಎಂದು ಮಕ್ಕಳು ಗೊಣಗಿದವು.

ಟೀಚರ್ ನಿವೃತ್ತಿಯಾಗಿ ಅಕ್ಕನ ಜೊತೆ ಇರಲು ಔರಾದಕ್ಕೆ ಹೊರಟ ದಿನ ನಾನು ಕೇಳಿದೆ, “ಅಕ್ಕಗ ಈಗರ ತಿಳೀತೇನ್ರಿ?”

“ಇಲ್ಲರಿ. ನನ್ನ ಪಾಲಿನ ವಿಷಾ ತಾನು ಕುಡದೀನಿ ಅಂತಾನೇ ಅಂತಾಳ. ಇರ್ಲಿ ಬಿಡ್ರಿ, ಅದನ್ನ ಹೇಳುವಾಗ ಆಕಿ ಮಾರಿ ನೋಡಬೇಕು ನೀವು.” ನಾನೂ ಇರಲಿ ಎಂದೇ ಅಂದುಕೊಂಡೆ.

ಹೋದ ವರ್ಷ ಕಲಾವತಿ ಟೀಚರ್ ಎದೆನೋವು ಬಂದು ತೀರಿಕೊಂಡರು. ನಾನು ಈಗಿರುವ ಬೀದರದಿಂದ ಔರಾದಕ್ಕೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆ ತುಂಬ ಅವರ ಹಳೆಯ ವಿದ್ಯಾರ್ಥಿಗಳು. ಶಾಂತಕ್ಕ ಮೂಲೆಯಲ್ಲಿ ಒಣ ಕಣ್ಣಿನಲ್ಲಿ ಕುಳಿತಿದ್ದರು. ನನ್ನನ್ನು ಕಂಡು ಕೈ ಹಿಡಿದು ಹತ್ತಿರ ಎಳೆದುಕೊಂಡರು.

“ಅವತ್ತು ಆಕಿ ಎರಡು ಗುಟುಕು ಕುಡದ ಮ್ಯಾಲ ಗ್ಲಾಸು ಕಸಗೊಂಡೆ ನೋಡವಾ,” ಎಂದರು. “ಮೊದಲೇ ಕಸಗೋಬೇಕಿತ್ತು.”

ನಾನು ವಿಜ್ಞಾನ ಓದಿದವಳಲ್ಲ. ಆದರೂ ಅವರ ಕೈ ಬಿಡದೆ, ಆ ಲೋಹ, ಆ ಗಾಳಿ, ಆ ಚರ್ಮ, ಕಲಾವತಿ ಟೀಚರ್ ಬಿಡಿಸಿ ಹೇಳುತ್ತಿದ್ದ ಹಾಗೇ ಒಂದೊಂದಾಗಿ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

“ಹಂಗಾದ್ರ ಆಕಿ ಉಪ್ಪಿನಿಂದ ಹೋಗಲಿಲ್ಲ?”

“ಇಲ್ಲರಿ ಅಕ್ಕಾ. ನಿಮ್ಮ ಆಣಿ.”

ಶಾಂತಕ್ಕ ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ಹೆಗಲಿಗೆ ತಲೆಯಿಟ್ಟು, ಅವತ್ತು ಮೊದಲ ಸಲ, ತಂಗಿಯ ಹೆಸರು ಹಿಡಿದು ಅತ್ತರು.